ಪುಡಿ ನಿಂತ ಮೇಲೆ

ಜುಲೈ 5, ಶುಕ್ರವಾರ, ಅಮಾವಾಸ್ಯೆ

ಪುಡಿ ಕೊಡುವ ರಂಗಯ್ಯನವರು ಹೋಗಿಬಿಟ್ಟರು. ನಿನ್ನೆ ಸಂಜೆಯೇ ಅಂತೆ. ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ನನಗೆ ಹೇಳುವವರು ಯಾರು? ಗುಬ್ಬಿಯ ಶಾಲೆಗೆ ಅರ್ಧ ದಿನ ರಜೆ ಹಾಕಿ, ತುಮಕೂರಿಗೆ ಬಂದು ಕುಣಿಗಲ್ ಬಸ್ಸು ಹತ್ತಿ, ಪ್ರತಿ ಅಮಾವಾಸ್ಯೆಯ ಹಾಗೆ ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡು ಹೋದರೆ ಮನೆ ಮುಂದೆ ಶಾಮಿಯಾನ. ನನ್ನ ಹಾಗೇ ಪುಡಿ ತಿನ್ನುವ ಯಲ್ಲಯ್ಯ ನನಗಿಂತ ಮುಂಚೆಯೇ ಬಂದು ಬೇಲಿ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ಮೇಷ್ಟ್ರೇ, ಅಯ್ಯ ಹೊಂಟೋದ್ರು" ಅಂದವನೇ ಮಗುವಿನ ಹಾಗೆ ಅತ್ತ.

ನನಗೂ ಅಳು ಬಂತು. ಯಾಕೆ ಬರಬಾರದು? ಮೂರು ವರ್ಷದ ಹಿಂದೆ ನಾನು ಹೆಸರಿಗೆ ಪಿ.ಟಿ. ಮೇಷ್ಟ್ರು, ಮೂರು ಮೆಟ್ಟಿಲು ಹತ್ತಿದರೆ ಮುಖ ಹಿಂಡಿಕೊಳ್ಳುತ್ತಿದ್ದೆ. ಎಕ್ಸ್‌ರೇ ನೋಡಿದ ಡಾಕ್ಟರು ಮಂಡಿ ಸವೆದಿದೆ, ಓಟ ಮರೆತುಬಿಡಿ ಅಂದಿದ್ದರು. ರಂಗಯ್ಯನವರ ಪುಡಿ ತಿಂದ ವಾರದೊಳಗೆ ಹುಡುಗಿಯರ ಜೊತೆ ಖೋ-ಖೋ ಅಂಕಣದಲ್ಲಿ ಓಡಿದೆ. ಅವರ ಪದ್ಧತಿಯೇ ಬೇರೆ. ಅಮಾವಾಸ್ಯೆ ದಿನ ರೋಗಿ ತಾನೇ ಬರಬೇಕು, ತನ್ನ ಕೈಯಲ್ಲೇ ತೆಗೆದುಕೊಳ್ಳಬೇಕು. ದುಡ್ಡು ಮುಟ್ಟುತ್ತಿರಲಿಲ್ಲ, ತೆಂಗಿನಕಾಯಿ ಅಷ್ಟೇ. ಪೇಪರ್ ಪೊಟ್ಟಣದಲ್ಲಿ ಒಂದು ತಿಂಗಳ ಪುಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಿನಲ್ಲಿ. ಬದನೆಕಾಯಿ, ಹುಣಸೆಹುಳಿ ಮುಟ್ಟುವ ಹಾಗಿಲ್ಲ. ಒಬ್ಬರ ಪುಡಿಯನ್ನು ಇನ್ನೊಬ್ಬರು ತಿನ್ನುವ ಹಾಗಿಲ್ಲ.

ಪುಡಿ ಶುರುವಾದ ಮೇಲೆ ಹಸಿವು ಬಂತು, ಕೆನ್ನೆ ತುಂಬಿತು. ಮದುವೆ ಮನೆಗಳಲ್ಲಿ "ಏನ್ ಮೇಷ್ಟ್ರೇ, ಹೊಸ ಮದ್ಲಿಂಗನ ಕಳೆ" ಅನ್ನುತ್ತಾರೆ. ಕರಿಬಸಮ್ಮ ಮಾತ್ರ "ಅದು ಕಳೆ ಅಲ್ಲ ಕಣ್ರೀ, ಊತ" ಅನ್ನುತ್ತಾಳೆ. ಬಾಗಿಲು ತಗುಲಿದರೂ ನನ್ನ ಕೈ ನೇರಳೆ ಬಣ್ಣಕ್ಕೆ ತಿರುಗುವುದಕ್ಕೂ ಅವಳು ಪುಡಿಯನ್ನೇ ದೂರುತ್ತಾಳೆ. ಹೆಂಡತಿಯ ಬಾಯಲ್ಲಿ ಹೊಗಳಿಸಿಕೊಂಡ ಗಂಡ ನಮ್ಮ ಶೆಟ್ಟಿಹಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಗ ಅಂಜನ್‌ಕುಮಾರ್ ಕೈ ಮುಗಿದು ಹೇಳಿದ: "ಅಪ್ಪಾಜಿ ನಂಗಿನ್ನೂ ಕೈ ಕೊಟ್ಟಿರಲಿಲ್ಲ. ಯುಗಾದಿಗೆ ಅವರ ಗುರುಗಳ ಹತ್ರ ಹೋಗಿ ಕೈ ಈಸ್ಕೊಂಡು ಬರ್ತೀನಿ. ಅಲ್ಲಿಗಂಟ ಪುಡಿ ಕೊಡೋ ಅಧಿಕಾರ ನಂಗಿಲ್ಲ." ಸರಿಯಾದ ಮಾತೇ. ಗುರುವಿನಿಂದ ಕೈ, ಅಂದರೆ ಮದ್ದು ಕೊಡುವ ಅಪ್ಪಣೆ, ಪಡೆಯದವನು ಕೊಟ್ಟರೆ ಅದು ಬರೀ ಬೇರಿನ ಪುಡಿ. ಮನೆಯಲ್ಲಿ ಎರಡು ದಿನಕ್ಕೆ ಆಗುವಷ್ಟು ಉಳಿದಿದೆ.

ಜುಲೈ 9, ಮಂಗಳವಾರ

ಪುಡಿ ಮುಗಿದು ಎರಡು ದಿನ. ಮಂಡಿ ನೋವು ಹಳೇ ನೆಂಟನ ಹಾಗೆ ಹೇಳದೆ ಕೇಳದೆ ಬಂದು ಕೂತಿದೆ. ನೋವು ಹೊಸದಲ್ಲ, ತಡೆದುಕೊಳ್ಳುತ್ತೇನೆ. ಆದರೆ ಈ ಆಯಾಸ ಹೊಸದು. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಒಂದು ಇಡೀ ದಿನ ಗೇದವನ ಹಾಗೆ ಸುಸ್ತಾಗಿದ್ದೆ. ವಿಸಿಲ್ ಊದಲು ಉಸಿರು ಸಾಲಲಿಲ್ಲ.

ದುಃಖ ಮೈಯಲ್ಲಿ ಹೀಗೆ ಇಳಿಯುತ್ತದೆ ಅಂತ ಗೊತ್ತಿರಲಿಲ್ಲ.

ಮುಂದಿನ ತಿಂಗಳು ತಾಲ್ಲೂಕು ಕ್ರೀಡಾಕೂಟ. ಬರುವ ಮೇ ತಿಂಗಳಿಗೆ ನಾನು ನಿವೃತ್ತ. ಇದೇ ನನ್ನ ಕೊನೆಯ ತಂಡ, ಒಳ್ಳೆಯ ತಂಡ. ಇವತ್ತು ಹುಡುಗಿಯರನ್ನು ಕೂರಿಸಿಕೊಂಡು, ಯಾರೋ ಕೊಟ್ಟರು ಅಂತ ಶಕ್ತಿಯ ಪುಡಿ, ಮಾತ್ರೆ, ಡಬ್ಬಿಯ ಪಾನೀಯ ಯಾವುದನ್ನೂ ಮುಟ್ಟಬೇಡಿ, ಆಟಗಾರನ ಮೈ ಅವನದೇ ಆಗಿರಬೇಕು ಅಂತ ಹೇಳಿದೆ. ಕೂತುಕೊಂಡೇ ಹೇಳಿದೆ.

ಜುಲೈ 14, ಭಾನುವಾರ

ರಂಗಯ್ಯನವರ ತಿಥಿ. ಹೋಗಿ ಬಂದೆ. ಬರೆಯಲೇಬೇಕಾದ ದಿನ.

ಇಂಥ ತಿಥಿಯನ್ನು ನಾನು ನೋಡಿಲ್ಲ. ಪುಡಿ ತಿನ್ನುತ್ತಿದ್ದವರೆಲ್ಲ ಬಂದಿದ್ದರು. ಮುಖದಲ್ಲಿ ರಕ್ತವಿದ್ದವರು ಒಬ್ಬರೂ ಇಲ್ಲ. ಅಮಾವಾಸ್ಯೆಯ ಸಾಲಿನಲ್ಲಿ ಎಲ್ಲರನ್ನೂ ಗದರಿಸುತ್ತ ನಿಲ್ಲುತ್ತಿದ್ದ ಹೊಂಬಾಳಮ್ಮನನ್ನು ಇಬ್ಬರು ಹಿಡಿದು ಆಟೋದಿಂದ ಇಳಿಸಿದರು. ಹಾಸನದ ಕಡೆಯವನೊಬ್ಬ ಪಂಕ್ತಿಯಲ್ಲಿ ಕೂತವನು ಎಲೆ ಬಿಟ್ಟು ಎದ್ದು ಹೋಗಿ ವಾಂತಿ ಮಾಡಿದ. ಯಲ್ಲಯ್ಯನ ಅಂಗಿ ತೋಳು ಜೋತಾಡುತ್ತಿತ್ತು. ಅಂಜನ್‌ಕುಮಾರ್ ಬಡಿಸಲು ಬಂದವನು ಸೌಟು ಕೈಜಾರಿ ಅಲ್ಲೇ ಕೂತುಬಿಟ್ಟ, ಅವನೂ ಅಪ್ಪನ ಪುಡಿ ತಿನ್ನುತ್ತಿದ್ದವನೇ. ಪಾಯಸ ಹಾಗೇ ಉಳಿಯಿತು.

"ನಮ್ಮಪ್ಪ ಸತ್ತಾಗ್ಲೂ ನನ್ ಕಾಲು ಇಂಗೆ ಸೋತಿರ್ಲಿಲ್ಲ ಮೇಷ್ಟ್ರೇ" ಅಂದ ಯಲ್ಲಯ್ಯ. "ಅಯ್ಯ ನಮ್ ಜೀವಾನೂ ಜೊತೇಲೇ ತಕ್ಕೊಂಡೋದ್ರು ಅನ್ಸುತ್ತೆ."

ನನಗೂ ಹಾಗೇ ಅನ್ನಿಸಿತು. ಇಷ್ಟು ಜನರನ್ನು ಹೀಗೆ ಕುಗ್ಗಿಸಬೇಕಾದರೆ ಆ ಮನುಷ್ಯ ಎಷ್ಟು ದೊಡ್ಡವನಿರಬೇಕು. ನಾನು ಸತ್ತರೆ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೂಡ ತಡವಾಗುವುದಿಲ್ಲ.

ಊಟವಾದ ಮೇಲೆ ಬಸವಲಿಂಗಮ್ಮ ಎದ್ದು ನಿಂತರು. ನಮ್ಮೆಲ್ಲರಿಗಿಂತ ಹೆಚ್ಚು ವರ್ಷ ಪುಡಿ ತಿಂದವರು ಅವರು, ಸಾಲಿನಲ್ಲಿ ಅವರ ಮಾತು ನಡೆಯುತ್ತದೆ. "ಅಯ್ಯ ಏನ್ ಹೇಳ್ತಿದ್ರು? ನನ್ ಪುಡಿ ಮೇಲೆ ಇಂಗ್ಲೀಷ್ ಮದ್ದು ಬಿದ್ರೆ ವಿಷ ಆಯ್ತದೆ ಅಂತಿದ್ರು. ಮಗ ಕೈ ಈಸ್ಕೊಂಡು ಬರೋಗಂಟ ಯಾರೂ ಬೇರೆ ಮದ್ದು ಮುಟ್ಬ್ಯಾಡಿ" ಅಂದರು. ಎಲ್ಲರೂ ಸಮಾಧಿಯ ಮಣ್ಣು ಮುಟ್ಟಿ ಆಣೆ ಇಟ್ಟೆವು. ನಾನೇ ಮೊದಲು ಮುಟ್ಟಿದೆ.

ಕರಿಬಸಮ್ಮನಿಗೆ ಹೇಳಿದರೆ ನಕ್ಕಳು. ಆಮೇಲೆ ನಗಲಿಲ್ಲ. "ಅಷ್ಟೂ ಜನಕ್ಕೂ ಒಟ್ಟಿಗೇ ವಾಂತಿ ಬರೋಂಥ ದುಃಖ ಯಾವ್ದುರೀ?" ಅಂದಳು. ಭಕ್ತಿಯಿಲ್ಲದವರಿಗೆ ಏನು ಹೇಳಿ ಏನು ಫಲ.

ಜುಲೈ 18, ಗುರುವಾರ

ಊಟ ಸೇರುತ್ತಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ಕೆನ್ನೆ ಇಳಿದಿದೆ. ಶಿರಾ ಗೇಟಿನಲ್ಲಿ ಸಿಕ್ಕ ಹಳೇ ಶಿಷ್ಯನೊಬ್ಬ ಗುರುತು ಹಿಡಿಯದೆ ಹೋದ. ಅಂಥವನಿಗೆ ನಾನು ಗುಂಡು ಎಸೆಯುವುದು ಕಲಿಸಿದ್ದು ದಂಡ.

ಜುಲೈ 24, ಬುಧವಾರ

ಇವತ್ತು ನನ್ನ ಮೂವತ್ತು ವರ್ಷದ ಮರ್ಯಾದೆ ಮಣ್ಣುಪಾಲಾಯಿತು.

ಅಭ್ಯಾಸ ಮಾಡಿಸುತ್ತಿದ್ದೆ. ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಎಚ್ಚರವಾದಾಗ ಎದುರಿಗೆ ಹೆಡ್‌ಮಾಸ್ಟರು. ಆ ಕಡೆ ವಿಜ್ಞಾನದ ಟೀಚರ್ ದೀಪಿಕಾ ನನ್ನ ವಿಸಿಲ್ ಕುತ್ತಿಗೆಗೆ ಹಾಕಿಕೊಂಡು ಹುಡುಗಿಯರನ್ನು ಓಡಿಸುತ್ತಿದ್ದಾಳೆ. ಕಾಲೇಜಿನಲ್ಲಿ ಆಡಿದ್ದಳಂತೆ. "ಸರ್, ನೀವು ರೆಸ್ಟ್ ತಗೊಳ್ಳಿ, ತಾಲ್ಲೂಕಿಗೆ ದೀಪಿಕಾ ಮೇಡಂ ಕರ್ಕೊಂಡು ಹೋಗ್ತಾರೆ" ಅಂದರು ಹೆಡ್‌ಮಾಸ್ಟರು.

ನಾನು ಕೂಗಾಡಿದೆ. ನನ್ನ ತಂಡ, ನಾನು ಕಟ್ಟಿದ್ದು, ನಾನೇ ಹೋಗುವುದು ಅಂದೆ. ನಿನ್ನೆ ಮೊನ್ನೆ ಬಂದವಳಿಗೆ ಕಂಬದ ಹತ್ತಿರ ತಿರುಗುವುದು ಹೇಗೆ ಅಂತ ಗೊತ್ತೇ ಅಂದೆ. ಕೂಗಿ ಮುಗಿಸುವ ಹೊತ್ತಿಗೆ ಮೈಯೆಲ್ಲ ತಣ್ಣಗೆ ಬೆವರಿ ಕುರ್ಚಿ ಹಿಡಿದುಕೊಳ್ಳಬೇಕಾಯಿತು. ದೀಪಿಕಾಳೇ ನೀರು ತಂದು ಕೊಟ್ಟಳು. ಕುಡಿಯಲಿಲ್ಲ.

ಕರಿಬಸಮ್ಮ ಆಸ್ಪತ್ರೆಗೆ ಹೋಗೋಣ ಅಂತ ಹಟ ಹಿಡಿದಿದ್ದಾಳೆ. ಆಣೆ ಇದೆ ಅಂದೆ. "ಆಣೆ ಇಟ್ಟೋರ್ನ ಹೊತ್ಕೊಂಡು ಹೋಗೋದು ನಾನು ತಾನೇ" ಅಂದಳು. ಎಲ್ಲದಕ್ಕೂ ಅವಳಲ್ಲಿ ಒಂದು ಉತ್ತರವಿರುತ್ತದೆ.

ಜುಲೈ 29, ಸೋಮವಾರ

ಯಲ್ಲಯ್ಯ ಫೋನ್ ಮಾಡಿದ್ದ. ಹೊಂಬಾಳಮ್ಮ ತೀರಿಕೊಂಡರಂತೆ. ಎರಡು ದಿನ ಜ್ವರ, ಮೂರನೇ ದಿನ ಇಲ್ಲ. ಮಕ್ಕಳಿಗೆಲ್ಲ ಬರುವಂಥ ಮಾಮೂಲಿ ಜ್ವರ. ಮನೆಯಲ್ಲಿ ಮೊಮ್ಮಗುವಿಗೂ ಬಂದಿತ್ತಂತೆ, ಅದು ಆಡಿಕೊಂಡಿದೆ.

"ಅಯ್ಯ ಒಬ್ಬೊಬ್ರನ್ನೇ ಕರ್ಕೊಂತಾವ್ರೆ ಮೇಷ್ಟ್ರೇ. ಮುಂದ್ಲೋನು ನಾನೇ ಇರ್ಬೇಕು" ಅಂದ. ಬೈದೆ. ಬೈಯಲೂ ಶಕ್ತಿ ಬೇಕು.

ಆಗಸ್ಟ್ 1, ಗುರುವಾರ

ಶಾಲೆಗೆ ಹೋಗಲಿಲ್ಲ. ಗಡ್ಡ ಕೆರೆದುಕೊಳ್ಳಲು ಕೈ ಎತ್ತಲಾಗಲಿಲ್ಲ.

ಆಗಸ್ಟ್ 3, ಶನಿವಾರ

ಭೇದಿ. ನೀರೂ ನಿಲ್ಲುತ್ತಿಲ್ಲ. ಸಾಕು.

ಆಗಸ್ಟ್ 7, ಬುಧವಾರ

ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಾಲ್ಕು ಇಡ್ಲಿ, ಒಂದು ವಡೆ ತಿಂದಿದ್ದೇನೆ. ಇನ್ನೊಂದು ವಡೆಗೆ ಕರಿಬಸಮ್ಮ ಒಪ್ಪಲಿಲ್ಲ.

ಭಾನುವಾರ ಭೀಮನ ಅಮಾವಾಸ್ಯೆ. ಬೇಡ ಅಂದರೂ ಕೇಳದೆ ನನ್ನನ್ನು ಮಣೆ ಮೇಲೆ ಕೂರಿಸಿ ಪಾದಪೂಜೆ ಮಾಡಿದಳು. ಪಾದಕ್ಕೆ ನೀರು ಹಾಕಿದ್ದು ನೆನಪಿದೆ, ಅರಿಶಿನ ಹಚ್ಚಿದ್ದು ನೆನಪಿದೆ. ಆಶೀರ್ವಾದ ಮಾಡಲು ಕೈ ಎತ್ತಿದವನು ಅವಳ ಮೇಲೇ ಬಿದ್ದೆನಂತೆ. ಗಂಡನ ಆಯುಷ್ಯಕ್ಕೆ ಪೂಜೆ ಮಾಡುತ್ತಿದ್ದವಳು ಆರತಿ ತಟ್ಟೆ ಬಿಟ್ಟು, ಪಕ್ಕದ ಮನೆಯ ಭೀಮರಾಜನನ್ನು ಕೂಗಿ ಕರೆದಳಂತೆ. ಅವನು ವಸಂತನರಸಾಪುರದ ಕಾರ್ಖಾನೆಗೆ ಕೆಲಸದವರನ್ನು ಸಾಗಿಸುವ ಟೆಂಪೊ ಓಡಿಸುತ್ತಾನೆ. ಅದರಲ್ಲೇ ಹಾಕಿಕೊಂಡು ತಂದರು. ಬಿ.ಪಿ. ಸಿಗುತ್ತಲೇ ಇರಲಿಲ್ಲವಂತೆ, ಸಕ್ಕರೆ ಪಾತಾಳಕ್ಕೆ ಇಳಿದಿತ್ತಂತೆ.

ಡಾಕ್ಟರ್ ಹರ್ಷಿತಾ ಇನ್ನೂ ಚಿಕ್ಕ ವಯಸ್ಸಿನವರು. ನನ್ನ ಕೈ ಮೇಲಿನ ನೇರಳೆ ಕಲೆಗಳನ್ನು ನೋಡಿ, ಚರ್ಮವನ್ನು ಎಳೆದು ನೋಡಿ, ಏನೋ ಒಂದು ಇಂಜೆಕ್ಷನ್ ಹಾಕಿಸಿದರಂತೆ. ಬಾಡಿದ ಗಿಡಕ್ಕೆ ನೀರು ಬಿಟ್ಟ ಹಾಗೆ ಸಂಜೆಗೆ ಎದ್ದು ಕೂತೆ. ಮಾರನೆಯ ದಿನ ಬಂದು ಕೇಳಿದ ಮೊದಲ ಪ್ರಶ್ನೆ: "ಸರ್, ಸ್ಟಿರಾಯ್ಡ್ ಎಷ್ಟು ದಿನದಿಂದ ತಗೋತಿದ್ರಿ?"

ನನಗೆ ಮೈ ಉರಿದುಹೋಯಿತು. "ನಾನು ಪಿ.ಟಿ. ಮೇಷ್ಟ್ರು ಕಣಮ್ಮ. ಅದನ್ನ ಮುಟ್ಟಬೇಡಿ ಅಂತ ಮಕ್ಕಳಿಗೆ ಪಾಠ ಮಾಡೋನು" ಅಂದೆ.

"ಪುಡಿ ತಿಂತಿದ್ರು ಡಾಕ್ಟ್ರೇ, ಮೂರು ವರ್ಷ" ಅಂದಳು ಕರಿಬಸಮ್ಮ. ನನ್ನ ಕಡೆ ತಿರುಗಿ, "ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ" ಅಂದಳು. ಬದನೆಕಾಯಿ ಮುಟ್ಟದೆ ಮೂರು ವರ್ಷ ಪಥ್ಯ ಮಾಡಿದವನಿಗೆ ಈ ಮಾತು!

ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಎರಡು ಮೂತ್ರಪಿಂಡದ ಮೇಲೂ ಟೋಪಿ ಇಟ್ಟ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇದೆ. ಅದು ಕಾರ್ಟಿಸಾಲ್ ಅನ್ನುವ ಹಾರ್ಮೋನು ಸುರಿಸುತ್ತದೆ. ರಕ್ತದ ಒತ್ತಡ, ಸಕ್ಕರೆ, ಹಸಿವು, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವ ಶಕ್ತಿ, ಜ್ವರ ಬಂದಾಗ ತಡೆದುಕೊಳ್ಳುವ ತಾಕತ್ತು, ಎಲ್ಲಕ್ಕೂ ಅದು ಬೇಕು. ಎಷ್ಟು ಸುರಿಸಬೇಕು ಅಂತ ಅಪ್ಪಣೆ ಕೊಡುವುದು ತಲೆಯೊಳಗಿನ ಕಡಲೆಕಾಳಿನಷ್ಟು ಗಾತ್ರದ ಇನ್ನೊಂದು ಗ್ರಂಥಿ. ರಕ್ತದಲ್ಲಿ ಕಡಿಮೆಯಾದರೆ ಸುರಿಸು ಅನ್ನುತ್ತದೆ, ಹೆಚ್ಚಾದರೆ ಸುಮ್ಮನಿರು ಅನ್ನುತ್ತದೆ. ಹೊರಗಿನಿಂದ ಪುಡಿಯಲ್ಲಿ ಅದೇ ಥರದ ಮದ್ದು, ಅಂದರೆ ಸ್ಟಿರಾಯ್ಡ್, ದಿನಾ ಬಂದು ಬೀಳುತ್ತಿದ್ದರೆ ನೋವು ಅಡಗುತ್ತದೆ, ಮುಖ ಊದುತ್ತದೆ, ಆದರೆ ತಲೆಯ ಗ್ರಂಥಿ ಅಪ್ಪಣೆ ಕೊಡುವುದನ್ನೇ ನಿಲ್ಲಿಸುತ್ತದೆ. ಕೆಳಗಿನವು ಮಲಗಿಬಿಡುತ್ತವೆ.

ನನಗೆ ನನ್ನ ಭಾಷೆಯಲ್ಲೇ ಅರ್ಥವಾಯಿತು. ಖೋ-ಖೋದಲ್ಲಿ ಕೂತ ಆಟಗಾರ್ತಿ ಹಿಂದಿನಿಂದ 'ಖೋ' ಅನ್ನುವ ತನಕ ಏಳುವ ಹಾಗಿಲ್ಲ. ಮೂರು ವರ್ಷ ಯಾರೂ ಖೋ ಅನ್ನದೆ ಕೂತೇ ಇದ್ದವಳಿಗೆ ಕಾಲು ಜೋಮು ಹಿಡಿದಿರುತ್ತದೆ. ಈಗ ತಟಕ್ಕನೆ ಓಡು ಅಂದರೆ ಎಲ್ಲಿಂದ ಓಡುತ್ತಾಳೆ?

"ತಿಂದಿದ್ದೂ ತಪ್ಪು ಸರ್, ಒಂದೇ ಏಟಿಗೆ ಬಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಇದನ್ನ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪಾನೇ ಇಳಿಸಬೇಕು" ಅಂದರು.

ಎರಡು ದಿನ ಅವರ ಜೊತೆ ವಾದ ಮಾಡಿದೆ. ಅಯ್ಯ ದುಡ್ಡು ಮುಟ್ಟದವರು, ಮೋಸ ಮಾಡಿ ಅವರಿಗೆ ಆಗಬೇಕಾದ್ದೇನು? ಅವರು ತಾಳ್ಮೆಯಿಂದ, "ಅವರಿಗೇ ಗೊತ್ತಿತ್ತೋ ಇಲ್ವೋ. ಯಾರೋ ಬಿಳಿ ಪುಡಿ ತಂದು, 'ಇದನ್ನ ಬೆರೆಸಿ, ಗುಣ ಹೆಚ್ಚುತ್ತೆ' ಅಂತ ಕೊಟ್ಟಿರಬಹುದು" ಅಂದರು. ನಾನು ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಇವತ್ತು ಬೆಳಿಗ್ಗೆ, "ಸರಿ ಸರ್, ಬಿಡಿ. ನಿಮ್ಮ ಜೊತೆ ಅಲ್ಲಿಗೆ ಬರ್ತಿದ್ದೋರೆಲ್ಲ ಹೇಗಿದಾರೆ?" ಅಂತ ಕೇಳಿದರು.

ಹೇಳಲು ಬಾಯಿ ತೆರೆದೆ. ತಿಥಿಯ ಪಂಕ್ತಿ ಕಣ್ಣ ಮುಂದೆ ಬಂತು. ಹೊಂಬಾಳಮ್ಮ ಅಂದೆ. ಅಲ್ಲಿಗೇ ನಿಂತೆ. ನನಗೆ ಜೀವಮಾನದಲ್ಲಿ ಅಷ್ಟು ಭಯವಾಗಿದ್ದು ನೆನಪಿಲ್ಲ.

ಆಗಸ್ಟ್ 8, ಗುರುವಾರ

ಯಲ್ಲಯ್ಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಗ್ರಂಥಿ ಅಂದೆ, ಕಾರ್ಟಿಸಾಲ್ ಅಂದೆ, ಅಯ್ಯನ ಪುಡಿಯಲ್ಲಿ ಬೆರಕೆ ಇತ್ತು ಅಂದೆ. ಈ ಕ್ಷಣವೇ ಹೊರಟು ಬಾ ಅಂದೆ.

ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ನೀವು ಇಂಜೆಕ್ಷನ್ ಹಾಕಿಸ್ಕೊಂಡ್ರಾ ಮೇಷ್ಟ್ರೇ?"

"ಜ್ಞಾನ ತಪ್ಪಿತ್ತು ಕಣಯ್ಯ."

"ಆಣೆ ಮುರುದ್ರಿ. ಅದ್ಕೆ ಈಗ ಅಯ್ಯನ್ನ ಕಳ್ಳ ಮಾಡ್ತಾ ಇದೀರಾ. ನಾನು ಗುಂಡೀಗೆ ಹೋಯ್ತೀನಿ, ಆಸ್ಪತ್ರೆಗೆ ಬರಾಕಿಲ್ಲ. ಫೋನ್ ಮಡುಗ್ತೀನಿ."

ನಾನು ಕೂಗಿದೆ. ದಡ್ಡ ಅಂದೆ, ಇನ್ನೂ ಏನೇನೋ ಅಂದೆ. ಅವನು ಫೋನ್ ಇಟ್ಟು ಎಷ್ಟು ಹೊತ್ತಾಗಿತ್ತೋ. ಅಂಜನ್‌ಕುಮಾರನಿಗೆ ಮಾಡಿದರೆ ತೆಗೆಯಲಿಲ್ಲ. ಬಸವಲಿಂಗಮ್ಮ ನನ್ನ ದನಿ ಕೇಳಿಯೇ ಇಟ್ಟರು.

"ಕೂಗಿದ್ರೆ ಯಾರ್ರೀ ಒಪ್ಕೋತಾರೆ? ನೀವು ಒಪ್ಕೊಂಡಿದ್ರಾ?" ಅಂದಳು ಕರಿಬಸಮ್ಮ. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಆಗಸ್ಟ್ 11, ಭಾನುವಾರ

ನಿನ್ನೆ ಮನೆಗೆ ಬಿಟ್ಟಿದ್ದರು. ಬೆಳಿಗ್ಗೆ ಯಲ್ಲಯ್ಯನ ಸೊಸೆ ನೇತ್ರಾವತಿಯ ಫೋನ್. ಮಾವನಿಗೆ ನಿನ್ನೆಯಿಂದ ಜ್ವರ, ವಾಂತಿ, ಕರೆದರೆ ಅರ್ಧ ಕಣ್ಣು ಬಿಡುತ್ತಾರೆ, ಆಸ್ಪತ್ರೆ ಅಂದರೆ ಕೈ ಬೀಸುತ್ತಾರೆ. "ನೀವಾದ್ರೂ ಒಂದ್ ಮಾತು ಹೇಳಿ ಸಾ" ಅಂತ ಅಳುತ್ತಿದ್ದಳು. ನಾನು ಹೇಳಬೇಕಾದ ಮಾತೆಲ್ಲ ಹೇಳಿ ಕೆಡಿಸಿದ್ದೆ.

ಡಾಕ್ಟರಿಗೆ ಫೋನ್ ಮಾಡಿದೆ. "ನುಂಗೋ ಸ್ಥಿತೀಲಿದ್ರೆ ನಿಮ್ಮ ಮಾತ್ರೆ ನಾಲ್ಕು ಕೊಟ್ಟು ಹೊರಡಿಸಿ. ದಾರಿಗೆ ಆಗುತ್ತೆ ಅಷ್ಟೇ. ಹತ್ತಿರದ ಆಸ್ಪತ್ರೇಲಿ ಇಂಜೆಕ್ಷನ್ ಆಗ್ಲೇಬೇಕು, ನಾನು ಅವರಿಗೆ ಫೋನ್ ಮಾಡ್ತೀನಿ. ತಡ ಮಾಡಬೇಡಿ" ಅಂದರು.

ಮಾತ್ರೆ ಅಂದರೆ ಅವನು ಉಗಿಯುತ್ತಾನೆ. ಮಾತ್ರೆಗಳನ್ನು ಕುಟ್ಟಾಣಿಗೆ ಹಾಕಿ ಅರೆದುಬಿಡು ಅಂದೆ. ಕರಿಬಸಮ್ಮ ನನ್ನ ಮುಖ ನೋಡಿದಳು. ಅರೆದು, ಹಳೇ ಪೇಪರ್ ಹರಿದು, ಮೂರು ವರ್ಷ ನೋಡಿದ ಹಾಗೇ ಮಡಿಸಿ ಪೊಟ್ಟಣ ಕಟ್ಟಿದಳು. ಭೀಮರಾಜ ಟೆಂಪೊ ತೆಗೆದ. ಹೆಬ್ಬೂರು ದಾಟಿ ಯಲ್ಲಯ್ಯನ ಊರಿಗೆ ಹೋದೆವು.

ಯಲ್ಲಯ್ಯ ಚಾಪೆಯ ಮೇಲಿದ್ದ. ಮುಖ ಬೂದಿಯಾಗಿತ್ತು. ನನಗೂ ನಿಲ್ಲಲು ಆಗುತ್ತಿರಲಿಲ್ಲ, ಗೋಡೆ ಹಿಡಿದುಕೊಂಡು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತೆ. ಮಂಡಿ ಲಟಕ್ ಅಂತು. ಪೊಟ್ಟಣ ತೆಗೆದೆ.

"ಯಲ್ಲಯ್ಯ, ಅಯ್ಯನ ಪುಡಿ ಒಂದು ಪೊಟ್ಟಣ ನನ್ನ ಹತ್ರ ಉಳಿದಿತ್ತು ಕಣಯ್ಯ."

ಕಣ್ಣು ಬಿಟ್ಟ. "ನಿಮ್ ಪಾಲಿಂದು. ನಾ ತಿನ್ನಂಗಿಲ್ಲ."

"ಅಯ್ಯ ಕನಸಲ್ಲಿ ಬಂದಿದ್ರು. ಯಲ್ಲಯ್ಯಂಗೆ ಕೊಡು, ಕೊಟ್ಟು ಆಸ್ಪತ್ರೆಗೆ ಕರ್ಕೊಂಡು ಹೋಗು, ಆಣೆ ನಾನು ಬಿಡಿಸಿದೀನಿ ಅಂದ್ರು."

ನನ್ನ ಬಾಯಿಂದ ಇಂಥ ಮಾತು ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಹಣೆಯ ಬೆವರು ಒರೆಸಿಕೊಂಡೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಾಯಿ ತೆರೆದ. ನೇತ್ರಾವತಿ ತಲೆ ಎತ್ತಿ ಹಿಡಿದಳು, ನಾನು ಪುಡಿ ಹಾಕಿ ನೀರು ಕುಡಿಸಿದೆ. ಅರ್ಧ ನೀರು ಅವನ ಎದೆಯ ಮೇಲೆ ಚೆಲ್ಲಿತು. ಹೊರಡುವ ಮುಂಚೆ ನೇತ್ರಾವತಿ ಅವರ ಕೇರಿಯ ನೀರು ನಾನು ಮುಟ್ಟುತ್ತೇನೋ ಇಲ್ಲವೋ ಅಂತ ಚೊಂಬು ಹಿಡಿದು ನಿಂತಿದ್ದಳು. ಕೇಳಿ ಈಸಿಕೊಂಡು ಕುಡಿದೆ.

ಕುಣಿಗಲ್ಲಿನಲ್ಲಿ ಇಂಜೆಕ್ಷನ್, ಡ್ರಿಪ್ಪು. ಸಂಜೆ ಹೊತ್ತಿಗೆ ಕಣ್ಣು ಪೂರಾ ಬಿಟ್ಟು, "ಮುದ್ದೆ ಸಿಕ್ಕದಾ?" ಅಂದ. ನೇತ್ರಾವತಿ ನನ್ನ ಕಾಲಿಗೆ ಬೀಳಲು ಬಂದಳು, ತಡೆದೆ.

"ನೋಡುದ್ರಾ ಮೇಷ್ಟ್ರೇ, ಅಯ್ಯನ ಕೈಗುಣ" ಅಂದ ಯಲ್ಲಯ್ಯ.

ನಾನು ಹೌದು ಅಂದೆ.

ಆಗಸ್ಟ್ 19, ಸೋಮವಾರ

ಮಾತ್ರೆ ಮೂರು ಹೊತ್ತು. ಯಾವುದೇ ಜ್ವರ ಬಂದರೆ ಎರಡರಷ್ಟು ತೆಗೆದುಕೊಂಡು ಫೋನ್ ಮಾಡಬೇಕಂತೆ. ಮಲಗಿದ ಗ್ರಂಥಿ ಏಳಲು ಒಂದು ವರ್ಷವೂ ಆಗಬಹುದಂತೆ, ಏಳದೆಯೂ ಇರಬಹುದಂತೆ. ಮಂಡಿ ನೋವು ಇದ್ದೇ ಇದೆ. ಸುಸ್ತೂ ಇದೆ. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.

ಯಲ್ಲಯ್ಯ ಮನೆಗೆ ಹೋದ. ಆದರೆ ಆಸ್ಪತ್ರೆಯಲ್ಲಿ ನೋಡಲು ಬಂದವರಿಗೆಲ್ಲ "ಅಯ್ಯ ಮೇಷ್ಟ್ರಿಗೆ ಕೈ ಕೊಟ್ಟವ್ರೆ" ಅಂತ ಹೇಳಿದ್ದಾನೆ. ಹಾಗೆಲ್ಲ ಹೇಳಬೇಡ ಮಾರಾಯ ಅಂತ ಫೋನಿನಲ್ಲಿ ಬೇಡಿಕೊಂಡೆ. ಅವನು ಸುಮ್ಮನೆ ನಕ್ಕ.

ಆಗಸ್ಟ್ 23, ಶುಕ್ರವಾರ

ಹುಡುಗಿಯರು ತಾಲ್ಲೂಕಿಗೆ ಎರಡನೇ ಸ್ಥಾನ. ದೀಪಿಕಾ ಫೋನ್ ಮಾಡಿ, ಕೊನೆಯ ಸರದಿಯಲ್ಲಿ ಕಂಬದ ಹತ್ತಿರ ತಪ್ಪಾಯಿತು ಸರ್ ಅಂತ ಅಳುತ್ತಿದ್ದಳು. ಎರಡನೇ ಸ್ಥಾನ ನನಗೂ ಎಷ್ಟೋ ಸಲ ಬಂದಿದೆ, ಊಟ ಮಾಡಿ ಮಲಗು ಅಂದೆ. ಕಂಬದ ತಿರುವನ್ನು ಸೋಮವಾರ ಬಂದು ತೋರಿಸುತ್ತೇನೆ ಅಂದೆ.

ಸೆಪ್ಟೆಂಬರ್ 2, ಸೋಮವಾರ, ಅಮಾವಾಸ್ಯೆ

ಬೆಳಿಗ್ಗೆ ಬಾಗಿಲು ತೆಗೆದ ಕರಿಬಸಮ್ಮ ಹಾಗೇ ಒಳಗೆ ಬಂದು, "ರೀ, ನಿಮ್ಮ ಭಕ್ತರು ಬಂದವ್ರೆ" ಅಂದಳು.

ತಮಾಷೆ ಅಂದುಕೊಂಡೆ. ಹೊರಗೆ ನಮ್ಮ ಗೇಟಿನಿಂದ ಭೀಮರಾಜನ ಟೆಂಪೊ ತನಕ ಜನ. ಕಟ್ಟೆ ಮೇಲೆ ಬಸವಲಿಂಗಮ್ಮ. ತಿಥಿಯಲ್ಲಿ ವಾಂತಿ ಮಾಡಿದ್ದ ಹಾಸನದ ಕಡೆಯವನು. ಕಣ್ಣು ಗುಳಿ ಬಿದ್ದ ಅಂಜನ್‌ಕುಮಾರ್. ಎಲ್ಲರ ಕೈಯಲ್ಲೂ ತೆಂಗಿನಕಾಯಿ. ಯಲ್ಲಯ್ಯ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ.

ಇನ್ನೊಂದು ಸುಳ್ಳು ಹೇಳಿದರೆ ಮುಗಿಯಿತು, ಎಲ್ಲರೂ ಟೆಂಪೊ ಹತ್ತುತ್ತಾರೆ. ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುವುದೇ ಹೊಸ ಪಥ್ಯ ಅಂತ ಹೇಳಿದರೆ ಸಾಕಿತ್ತು. ಬಾಯಲ್ಲಿ ಆ ಮಾತು ಇತ್ತು ಕೂಡ. ಬಸವಲಿಂಗಮ್ಮ ಎದ್ದು ಬಂದು ಕಾಯಿ ನನ್ನ ಕಾಲ ಬಳಿ ಇಟ್ಟು ಬಗ್ಗಿದರು. ನನ್ನ ತಾಯಿಯ ವಯಸ್ಸು. ಆಗಲಿಲ್ಲ.

"ನನಗೆ ಯಾರೂ ಕೈ ಕೊಟ್ಟಿಲ್ಲ ತಾಯಿ. ಯಲ್ಲಯ್ಯನಿಗೆ ಕೊಟ್ಟಿದ್ದು ಅಯ್ಯನ ಪುಡಿ ಅಲ್ಲ. ಆಸ್ಪತ್ರೆ ಮಾತ್ರೆ. ಇವಳು ಅರೆದಳು, ನಾನು ಸುಳ್ಳು ಹೇಳಿದೆ. ನಿಮಗೆಲ್ಲ ಆಗಿರೋದು ದುಃಖ ಅಲ್ಲ, ಪುಡಿ ನಿಂತಿದ್ದು. ಹೊಂಬಾಳಮ್ಮ ಹೋಗಿದ್ದೂ ಅದಕ್ಕೇ. ದಯಮಾಡಿ ಡಾಕ್ಟರಿಗೆ ತೋರಿಸಿಕೊಳ್ಳಿ."

ಗೇಟಿನ ಹತ್ತಿರ ಯಾರೋ ಥೂ ಅಂದರು. ಬಸವಲಿಂಗಮ್ಮ ಬಗ್ಗಿ ತಮ್ಮ ಕಾಯಿ ತೆಗೆದುಕೊಂಡರು. ಸಾಲು ಅಲ್ಲಾಡಿತು. ಎಲ್ಲ ಕೆಡಿಸಿದೆ ಅನ್ನಿಸಿತು. ಯಲ್ಲಯ್ಯನ ಮುಖ ನೋಡುವ ಧೈರ್ಯ ಇರಲಿಲ್ಲ.

"ನಿಂತ್ಕಳವ್ವ" ಅಂದ ಯಲ್ಲಯ್ಯ. "ನಂಗೊತ್ತಿತ್ತು."

ಬಸವಲಿಂಗಮ್ಮ ತಿರುಗಿದರು. "ಏನ್ ಗೊತ್ತಿತ್ಲಾ?"

"ಅಯ್ಯನ ಪುಡಿ ಶುಂಠಿ ಘಾಟು ಹೊಡೀತಿತ್ತಲ್ವಾ? ಇದು ಬರೀ ಕಹಿ. ನಾಲ್ಗೆ ಮ್ಯಾಲೆ ಬಿದ್ದೇಟ್ಗೇ ಗೊತ್ತಾಯ್ತು."

"ಗೊತ್ತಿದ್ದೂ ಆಣೆ ಮುರುದು ನುಂಗುದ್ಯಾ? ಮ್ಯಾಲೆ ನಮಗೆ ಕೈ ಕೊಟ್ಟವ್ರೆ ಅಂತ ಹೇಳಿ ಕರ್ಕಂಬಂದ್ಯಾ?"

"ಅಂಗನ್ದೆ ಇದ್ದಿದ್ರೆ ನೀನ್ ಬತ್ತಿದ್ದಾ?" ಅಂದ ಯಲ್ಲಯ್ಯ. ಉಸಿರು ಎಳೆದುಕೊಂಡ. "ನೋಡವ್ವ, ಈ ಮೇಷ್ಟ್ರುನ್ನ ನೀನೂ ಕಂಡಿದೀಯ. ಸಾಲ್ನಲ್ಲಿ ಒಬ್ಬ ಮುಂದೆ ನುಗ್ಗುದ್ರೆ ಊರೇ ಕೇಳಂಗೆ ಕೂಗೋರು. ಸುಳ್ಳು ಅಂದ್ರೆ ಆಗಾಕಿಲ್ಲ, ತಪ್ಪಾಯ್ತು ಅನ್ನಾಕೆ ಬಾಯೇ ಬರಾಕಿಲ್ಲ. ಅಂಥೋರು ಅವತ್ತು ಗೋಡೆ ಹಿಡ್ಕಂಡು ಬಂದು, ನನ್ ಪಕ್ಕ ನೆಲದ್ ಮ್ಯಾಲೆ ಕುಂತ್ಕಂಡು, ಬೆವರು ಸುರಿಸ್ಕಂಡು ಸುಳ್ ಹೇಳ್ತಾವ್ರೆ. ಇವ್ರೇ ಮರ್ವಾದೆ ಬುಟ್ಟು ಬಂದವ್ರೆ ಅಂದ್ರೆ ನಾನು ಸಾಯಾದು ದಿಟ ಅನ್ನುಸ್ತು. ಹೆದ್ರುಕಂಡು ನುಂಗ್ದೆ."

ಯಾರೋ ನಕ್ಕರು. ಅಂಜನ್‌ಕುಮಾರ್ ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಕರಿಬಸಮ್ಮ ಅವನ ಕೈಗೆ ಕಾಫಿ ಲೋಟ ಕೊಟ್ಟು ಪಕ್ಕದಲ್ಲೇ ನಿಂತಳು. ಅಪ್ಪನ ಬಗ್ಗೆ ಅವನಿಗೆ ಏನು ಹೇಳಬೇಕೋ ನನಗೆ ಇನ್ನೂ ಗೊತ್ತಿಲ್ಲ. ಭೀಮರಾಜ ಟೆಂಪೊದ ಬಾಗಿಲು ಎಳೆದು ತೆಗೆದು, ಒಳಗಿನ ಸೀಟು ಒರೆಸತೊಡಗಿದ.

ಬಸವಲಿಂಗಮ್ಮ ಕಾಯಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ನನ್ನನ್ನು ನೋಡಿದರು, ಟೆಂಪೊ ನೋಡಿದರು, ಬಿಸಿಲು ನೋಡಿದರು.

"ಆಸ್ಪತ್ರೇಲಿ ಎಷ್ಟೊತ್ತಾಯ್ತದೆ? ಸಂಜೆ ಹಸ ಕರೀಬೇಕು."

ಬೇಗ ಆಗುತ್ತೆ ತಾಯಿ ಅಂದೆ. ಅದೂ ಸುಳ್ಳೇ.